ಮೊದಲ ನಿವೇಶನ: ಕೊಳ್ಳುವವನ ಕೆಲವು ಪ್ರಶ್ನೆಗಳು

ಅನ್ನ, ವಸ್ತ್ರ, ವಸತಿ ಈ ಮೂರೂ ಮನುಷ್ಯನಿಗೆ ಅತ್ಯಾವಶ್ಯಕವೆಂದು ಅರ್ಥಶಾಸ್ತ್ರದ ಮೊದಲ ಪಾಠದಲ್ಲಿಯೇ ಓದುತ್ತೇವೆ. ಮೊದಲೆರಡನ್ನು ಕೊಳ್ಳುವಾಗ ಮೋಸಹೋದರೆ ಒಂದು ದಿನದ ಅಥವಾ ಒಂದು ವರ್ಷದ ನಷ್ಟ. ಮೂರನೆಯದರಲ್ಲಿ ಮೋಸಹೋದರೆ ಒಂದು ತಲೆಮಾರಿನ ಗಳಿಕೆಯೇ ಹೋಗುತ್ತದೆ. ಹೀಗಿದ್ದರೂ ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೊಳ್ಳುವ ನಮ್ಮ ಜನ, ಹತ್ತು ಲಕ್ಷದ ನಿವೇಶನವನ್ನು ದಲ್ಲಾಳಿಯ ಬಾಯಿಮಾತಿನ ಮೇಲೆ ಕೊಳ್ಳುವುದು ಆಶ್ಚರ್ಯದ ಸಂಗತಿ.

ಈ ಮಾತನ್ನು ಪರರನ್ನು ಹಾಸ್ಯಮಾಡಲು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿಯೇ ನಡೆದದ್ದನ್ನು ಹೇಳುತ್ತಿದ್ದೇನೆ. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಮೂವತ್ತು ವರ್ಷ ಭೂಮಿಯೊಳಗೆ ದುಡಿದರು. ಭೂಮಿಯ ಮೇಲೆ ಒಂದು ಅಡಿ ನೆಲವೂ ಅವರ ಹೆಸರಿಗೆ ಬರಲಿಲ್ಲ. ಆ ಕೊರತೆಯನ್ನು ತುಂಬಬೇಕೆಂದು ನಮ್ಮ ಅಪ್ಪ 2015ರಲ್ಲಿ ಬಂಗಾರಪೇಟೆಯ ಹೊರವಲಯದಲ್ಲಿ ಮೂವತ್ತು-ನಲವತ್ತರ ಒಂದು ನಿವೇಶನಕ್ಕೆ ಒಂದೂವರೆ ಲಕ್ಷ ರೂಪಾಯಿ ಮುಂಗಡ ಕೊಟ್ಟರು. ನಿವೇಶನ ಬರಲಿಲ್ಲ, ಮೂರು ವರ್ಷ ಅಲೆದ ಮೇಲೆ ಅರವತ್ತು ಸಾವಿರ ಮಾತ್ರ ಹಿಂದಕ್ಕೆ ಬಂತು. ಆ ಹಣದಲ್ಲಿ ಅಕ್ಕನ ಬಿ.ಎಡ್. ಶುಲ್ಕವೂ ಸೇರಿತ್ತಾದ್ದರಿಂದ ಅವಳ ಓದು ಎರಡು ವರ್ಷ ನಿಂತಿತು. ಆಗ ನಾನು ನಾಲ್ಕನೆಯ ತರಗತಿಯ ಹುಡುಗ. ಪಹಣಿ, ಖಾತೆ, ಕ್ರಯಪತ್ರ ಎಂಬ ಶಬ್ದಗಳನ್ನು ಪಾಠಕ್ಕಿಂತ ಮುಂಚೆ ಮನೆಯ ಜಗಳದಲ್ಲಿ ಕಲಿತೆನು. ಅಧ್ಯಾಪಕ ಮಹನೀಯರಿಗೆ ಇಲ್ಲಿ ಹೊಸದೇನೂ ಕಾಣದಿರಬಹುದು. ಆದರೆ ನನ್ನ ಸಹಪಾಠಿಗಳಲ್ಲಿ ಅನೇಕರು ಇನ್ನು ಕೆಲವೇ ವರ್ಷಗಳಲ್ಲಿ ಈ ವ್ಯವಹಾರಕ್ಕೆ ಕೈಹಾಕುವವರು. ಅವರಿಗೋಸ್ಕರ ಈ ಪ್ರಶ್ನೆಗಳನ್ನು ಕ್ರಮವಾಗಿ ಬರೆದಿದ್ದೇನೆ.

1. ನಾವು ಕೊಳ್ಳುವುದು ಏನನ್ನು?

ನೆಲವನ್ನು ಕೊಳ್ಳುತ್ತೇವೆಂದು ಎಲ್ಲರೂ ಹೇಳುತ್ತಾರೆ. ವಾಸ್ತವವಾಗಿ ನಾವು ಕೊಳ್ಳುವುದು ನೆಲದ ಮೇಲಿನ ಹಕ್ಕನ್ನು. ಈ ಭೇದವನ್ನು ಕೋಲಾರದ ಚಿನ್ನದ ಗಣಿಯ ಜನಕ್ಕಿಂತ ಚೆನ್ನಾಗಿ ಅರಿತವರು ಯಾರಿದ್ದಾರೆ?

1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಇಲ್ಲಿ ಚಿನ್ನ ಅಗೆಯುವ ಪರವಾನಗಿ ಪಡೆದನು. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ. ಅವನಿಗೆ ಸಿಕ್ಕಿದ್ದು ಅಗೆಯುವ ಹಕ್ಕು. ಅಗೆಯಲು ಬೇಕಾದ ಬಂಡವಾಳವಿಲ್ಲದೆ ಆ ಹಕ್ಕನ್ನು ಅವನು ಬೇರೆಯವರಿಗೆ ಬಿಟ್ಟುಕೊಟ್ಟನು. 1880ರಿಂದ ಜಾನ್ ಟೇಲರ್ ಕಂಪನಿಯವರ ಆಡಳಿತದಲ್ಲಿ ಗಣಿಗಾರಿಕೆ ನಡೆಯಿತು. 1956ರಲ್ಲಿ ಗಣಿಗಳು ಮೈಸೂರು ರಾಜ್ಯದ ವಶಕ್ಕೂ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಒಡೆಯರು ಇಷ್ಟು ಬಾರಿ ಬದಲಾದರೂ ಲೈನ್ ಮನೆಗಳಲ್ಲಿ ಮೂರು ತಲೆಮಾರು ಹುಟ್ಟಿ ಬೆಳೆದ ಕಾರ್ಮಿಕರು ಆ ಮನೆಗಳ ನಿವಾಸಿಗಳಾಗಿದ್ದರೇ ಹೊರತು ಮಾಲೀಕರಾಗಿರಲಿಲ್ಲ. ಗೋಡೆಗೆ ಸುಣ್ಣ ಬಳಿದವರು ಅವರು, ಮುಂದೆ ಚಪ್ಪರ ಹಾಕಿದವರು ಅವರು. ಕಾಗದದಲ್ಲಿ ಮನೆ ಕಂಪನಿಯದು. ನಮ್ಮ ಅಜ್ಜಿ ಇಂದಿಗೂ “ನಮ್ಮ ಮನೆ” ಎನ್ನುವುದು ಆ ಲೈನ್ ಮನೆಯನ್ನೇ. ಸ್ವಾಧೀನ ಬೇರೆ, ಸ್ವಾಮ್ಯ ಬೇರೆ ಎಂಬುದನ್ನು ನಾನು ಅವರಿಗೆ ಹೇಳಲು ಹೋಗುವುದಿಲ್ಲ. ಅದು ಅವರಿಗೆ ತಿಳಿಯದ ವಿಷಯವಲ್ಲ.

ಆದುದರಿಂದ ನಿವೇಶನವನ್ನು ತೋರಿಸಿದವನನ್ನು ನಾವು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆ ಎಷ್ಟೆಂದಲ್ಲ. ನೀನು ಮಾರುತ್ತಿರುವುದು ಯಾವ ಹಕ್ಕನ್ನು, ಅದು ನಿನಗೆ ಹೇಗೆ ಬಂತು ಎಂದು.

2. ಮಾರುವವನಿಗೆ ಮಾರುವ ಹಕ್ಕಿದೆಯೆ?

ಇದಕ್ಕೆ ಉತ್ತರ ಒಂದು ಕಾಗದದಲ್ಲಿ ಸಿಗುವುದಿಲ್ಲ. ಹಲವು ಕಾಗದಗಳನ್ನು ಒಂದರ ಪಕ್ಕಕ್ಕೆ ಒಂದಿಟ್ಟು ಓದಬೇಕು. ಮೂಲಪತ್ರದಿಂದ ಹಿಡಿದು ಇಂದಿನ ಕ್ರಯಪತ್ರದವರೆಗೆ ಸರಪಣಿಯ ಕೊಂಡಿಗಳು ತಪ್ಪದೆ ಬರಬೇಕು. ಪಹಣಿಯಲ್ಲಿ ಯಾರ ಹೆಸರಿದೆ, ಆ ಹೆಸರು ಯಾವ ಮ್ಯುಟೇಷನ್ನಿನಿಂದ ಬಂತು, ಋಣಭಾರ ಪತ್ರದಲ್ಲಿ ಅಂದರೆ ಇ.ಸಿ.ಯಲ್ಲಿ ಅಡಮಾನವೇನಾದರೂ ಕಾಣುತ್ತದೆಯೆ ಎಂಬುದನ್ನು ನೋಡಬೇಕು. ಕನಿಷ್ಠ ಮೂವತ್ತು ವರ್ಷದ ಇ.ಸಿ. ತೆಗೆಸುವುದು ವಾಡಿಕೆ. ಇಲ್ಲಿ ಒಂದು ಸ್ಥಳೀಯ ಸೂಕ್ಷ್ಮವಿದೆ. ಕೆ.ಜಿ.ಎಫ್. ಬೇರೆ ತಾಲ್ಲೂಕಾಗುವ ಮುನ್ನ ಬಂಗಾರಪೇಟೆ ತಾಲ್ಲೂಕಿಗೆ ಸೇರಿತ್ತು. ಬಂಗಾರಪೇಟೆಯೋ ಹಿಂದೆ, ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ, ಬೌರಿಂಗ್‌ಪೇಟೆಯಾಗಿತ್ತು. ಆದ್ದರಿಂದ ಒಂದೇ ಜಮೀನಿನ ಕಾಗದಗಳಲ್ಲಿ ಮೂರು ಹೆಸರು ಕಂಡರೆ ಗಾಬರಿಪಡಬೇಕಾಗಿಲ್ಲ. ಸರ್ವೆ ನಂಬರು ಮತ್ತು ಚೆಕ್ಕುಬಂದಿ ತಾಳೆಯಾಗುತ್ತವೆಯೆ ಎಂದು ಮಾತ್ರ ನೋಡಬೇಕು.

ಇ.ಸಿ. ಶುದ್ಧವಾಗಿದ್ದರೆ ಎಲ್ಲವೂ ಶುದ್ಧವೆಂದು ಅನೇಕರು ಭಾವಿಸುತ್ತಾರೆ. ಇದು ದೊಡ್ಡ ತಪ್ಪು. ನೋಂದಣಿಯಾದ ವ್ಯವಹಾರಗಳು ಮಾತ್ರ ಅದರಲ್ಲಿ ಕಾಣುತ್ತವೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು ಇವು ಅದರಲ್ಲಿ ಇರುವುದಿಲ್ಲ; ನ್ಯಾಯಾಲಯದ ವ್ಯಾಜ್ಯವೂ ಸಾಮಾನ್ಯವಾಗಿ ಕಾಣುವುದಿಲ್ಲ. ಉಪನೋಂದಣಾಧಿಕಾರಿಗಳು ಪತ್ರವನ್ನು ನೋಂದಾಯಿಸುತ್ತಾರೆಯೇ ಹೊರತು ಮಾರುವವನ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ.

ಎರಡನೆಯದಾಗಿ ವಂಶವೃಕ್ಷ. ಪಿತ್ರಾರ್ಜಿತ ಆಸ್ತಿಯಾದರೆ ಅಣ್ಣತಮ್ಮಂದಿರ ಸಹಿಯಿದ್ದರೆ ಸಾಲದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟಿದೆ; ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. “ಅವಳಿಗೆ ಮದುವೆಯಲ್ಲಿ ಕೊಟ್ಟಾಯಿತು” ಎಂಬ ಮಾತು ಜಗಲಿಯಲ್ಲಿ ನಡೆಯಬಹುದು, ನ್ಯಾಯಾಲಯದಲ್ಲಿ ನಡೆಯದು. ತಂದೆ ಸ್ವಂತ ದುಡಿದು ಕೊಂಡ ಆಸ್ತಿಯ ವಿಷಯ ಬೇರೆ. ಅದನ್ನು ಅವನು ಜೀವಿತಕಾಲದಲ್ಲಿ ಇಷ್ಟಬಂದಂತೆ ವಿಲೇವಾರಿ ಮಾಡಬಹುದು.

ಮೂರನೆಯದಾಗಿ, ಜಮೀನಿನ ಜಾತಕ. ಅದು ಗೋಮಾಳವೇ, ಕೆರೆಯಂಗಳವೇ, ರಾಜಕಾಲುವೆಯೇ, ಖರಾಬೇ? ಖರಾಬಿನಲ್ಲಿಯೂ ಎರಡು ಬಗೆ. ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ‘ಬಿ’ ಖರಾಬನ್ನು ಯಾರೂ ಮಾರುವಂತಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇ ಎಂಬುದನ್ನಂತೂ ತಪ್ಪದೆ ಕೇಳಬೇಕು. ಅಂತಹ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯಿದೆ ನಿಷೇಧಿಸುತ್ತದೆ. ಕಾಯಿದೆಗೆ ವಿರುದ್ಧವಾಗಿ ಮಾರಾಟವಾಗಿದ್ದರೆ ಜಮೀನು ಮೂಲ ಕುಟುಂಬಕ್ಕೆ ಹಿಂದಿರುಗುತ್ತದೆ. ಇದಕ್ಕಾಗಿ ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ.

ನಮ್ಮ ಅಪ್ಪ ಮುಂಗಡ ಕೊಟ್ಟದ್ದು ಇಂತಹ ಜಮೀನಿಗೆ. ಮಾರಲು ಬಂದವನು ಮಾಲೀಕನಾಗಿರದೆ ಅಧಿಕಾರಪತ್ರ ಹಿಡಿದ ಮಧ್ಯವರ್ತಿಯಾಗಿದ್ದನು. ಉಳಿದ ಹಣಕ್ಕೆ ಸಾಲ ಕೇಳಲು ಹೋದಾಗ ಬ್ಯಾಂಕಿನ ವಕೀಲರು ಹತ್ತೇ ನಿಮಿಷದಲ್ಲಿ ಕಾಗದಗಳನ್ನು ಮಡಿಸಿ ಹಿಂದಕ್ಕೆ ಕೊಟ್ಟರಂತೆ. ಬಹುಕಾಲ ನಮ್ಮ ಮನೆಯಲ್ಲಿ ಆ ಕಾಯಿದೆಯನ್ನೇ ದೂರುತ್ತಿದ್ದೆವು. ಈಗ ನನಗೆ ಬೇರೆ ರೀತಿ ತೋರುತ್ತದೆ. ನಾವು ಕಳೆದುಕೊಂಡದ್ದು ಹಣವನ್ನು. ಕಾಯಿದೆ ಇಲ್ಲದಿದ್ದರೆ, ನಮ್ಮಂತೆಯೇ ಬಡವರಾದ ಆ ಇನ್ನೊಂದು ಕುಟುಂಬ ತನಗಿದ್ದ ಏಕೈಕ ನೆಲವನ್ನು ಅಗ್ಗದ ಬೆಲೆಗೆ ಕಳೆದುಕೊಳ್ಳುತ್ತಿತ್ತು. ತಪ್ಪು ಕಾಯಿದೆಯದಲ್ಲ, ಕೇಳದೆ ಹಣ ಕೊಟ್ಟ ನಮ್ಮದೂ, ತಿಳಿದೂ ಹಣ ಪಡೆದವನದೂ ಆಗಿತ್ತು.

3. ಇದು ನಿವೇಶನವೋ, ಹೊಲವೋ?

ಬಂಗಾರಪೇಟೆ ಸುತ್ತಮುತ್ತ ರಾಗಿ ಹೊಲದಲ್ಲಿ ಬಿಳಿಯ ಕಲ್ಲು ನೆಟ್ಟು, ಮಣ್ಣಿನ ರಸ್ತೆ ಎಳೆದು, ಬಾವುಟ ಕಟ್ಟಿದರೆ ಅದನ್ನು ಬಡಾವಣೆ ಎನ್ನುವುದು ರೂಢಿಯಾಗಿದೆ. ಕಾನೂನಿನ ಕಣ್ಣಿನಲ್ಲಿ ಅದು ಇನ್ನೂ ಹೊಲವೇ. ಅದು ನಿವೇಶನವಾಗಬೇಕಾದರೆ 1964ರ ಭೂಕಂದಾಯ ಕಾಯಿದೆಯ ಪ್ರಕಾರ ಕೃಷಿಯೇತರ ಉಪಯೋಗಕ್ಕೆ ಭೂಪರಿವರ್ತನೆಯಾಗಬೇಕು. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ನಿವೇಶನದ ಹೆಸರಿನಲ್ಲಿ ಪ್ರತ್ಯೇಕ ಇ-ಖಾತೆ ಇರಬೇಕು. ಗ್ರಾಮ ಪಂಚಾಯಿತಿಯ ಎಲ್ಲೆಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ನ್ನು ಕೇಳಬೇಕು. ಐದುನೂರು ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ 2016ರ ರೇರಾ ಕಾಯಿದೆಯ ಪ್ರಕಾರ ಅದು ನೋಂದಣಿಯಾಗಿರಬೇಕು, ಮತ್ತು ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡವನ್ನು ಮಾರುವವನು ತೆಗೆದುಕೊಳ್ಳುವಂತಿಲ್ಲ.

2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಯಿತು. ಇದನ್ನೇ ಹಿಡಿದು “ಈಗ ಯಾವ ತೊಂದರೆಯೂ ಇಲ್ಲ, ಎರಡು ಗುಂಟೆ ಬರೆಸಿಕೊಳ್ಳಿ” ಎನ್ನುವವರುಂಟು. ಹೊಲ ಕೊಳ್ಳಲು ಅನುಮತಿ ಬಂತೆಂದ ಮಾತ್ರಕ್ಕೆ ಹೊಲವು ನಿವೇಶನವಾಗುವುದಿಲ್ಲ. ಪರಿವರ್ತನೆಯಾಗದೆ ಅಲ್ಲಿ ಮನೆ ಕಟ್ಟುವಂತಿಲ್ಲ.

ಇಲ್ಲಿ ಒಂದು ಚಿಕ್ಕ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಗುಂಟೆಗೆ 33 ಅಡಿ ಉದ್ದ 33 ಅಡಿ ಅಗಲ, ಅಂದರೆ 1,089 ಚದರಡಿ. ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. ರಸ್ತೆ, ಉದ್ಯಾನ, ಇತರ ಸೌಕರ್ಯಗಳಿಗೆ ಬಿಟ್ಟು ಅರ್ಧ ಉಳಿಯಿತೆಂದು ಇಟ್ಟುಕೊಂಡರೆ ಮೂವತ್ತು-ನಲವತ್ತರ ಹದಿನೆಂಟು ನಿವೇಶನಗಳಾಗುತ್ತವೆ. ಯಾರಾದರೂ ಎಕರೆಗೆ ಮೂವತ್ತು ನಿವೇಶನ ಕತ್ತರಿಸಿದ್ದರೆ 36,000 ಚದರಡಿ ಅದಕ್ಕೇ ಹೋಯಿತು. ರಸ್ತೆಗೂ ಚರಂಡಿಗೂ ಉಳಿದದ್ದು ಆರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಅಂತಹ ನಕ್ಷೆಗೆ ಮಂಜೂರಾತಿ ಇರಲಾರದೆಂದು ಕಾಗದ ನೋಡುವ ಮುಂಚೆಯೇ ಅನುಮಾನಪಡಬಹುದು.

4. ಮುಂಗಡ ಕೊಟ್ಟರೆ ನಿವೇಶನ ನಮ್ಮದಾಯಿತೆ?

ಆಗಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದ ಮೂಲಕವೇ ನಡೆಯಬೇಕು. ಕರಾರು ಎಂಬುದು ಮುಂದೆ ಮಾರುತ್ತೇನೆಂಬ ಮಾತು ಮಾತ್ರ. ಅದರಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಜಿ.ಪಿ.ಎ. ಬರೆಸಿಕೊಂಡರೆ ಮಾಲೀಕರಾದಂತೆಯೇ ಎಂದು ನಂಬಿಸುವವರಿದ್ದಾರೆ. ಜಿ.ಪಿ.ಎ. ಮೂಲಕ ನಡೆದ ಮಾರಾಟದಿಂದ ಸ್ವಾಮ್ಯ ವರ್ಗಾವಣೆಯಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ.

ಮುಂಗಡ ಕೊಡುವುದಾದರೆ ಕೆಲವು ನಿಯಮಗಳನ್ನು ಪಾಲಿಸಬಹುದು. ಕಾಗದಗಳ ನಕಲು ಕೈಗೆ ಬಂದು ವಕೀಲರು ನೋಡುವವರೆಗೆ ಒಂದು ರೂಪಾಯಿಯನ್ನೂ ಕೊಡಬಾರದು. ಕೊಡುವ ಹಣ ಬ್ಯಾಂಕಿನ ಮೂಲಕ, ಪಹಣಿ ಅಥವಾ ಖಾತೆಯಲ್ಲಿ ಹೆಸರಿರುವವನ ಲೆಕ್ಕಕ್ಕೇ ಹೋಗಬೇಕು. ಕರಾರಿನಲ್ಲಿ ಗಡುವನ್ನೂ, ಹಕ್ಕಿನಲ್ಲಿ ದೋಷ ಕಂಡರೆ ಹಣ ಹಿಂದಿರುಗಿಸುವ ಷರತ್ತನ್ನೂ ಬರೆಸಬೇಕು. ಸಾಲ ಬೇಡದಿದ್ದರೂ ಬ್ಯಾಂಕಿನಲ್ಲಿ ಸಾಲ ಕೇಳಿ ನೋಡುವುದು ಜಾಣತನ. ತನ್ನ ಹಣ ಕೊಡುವ ಬ್ಯಾಂಕು ಕಾಗದವನ್ನು ನಮಗಿಂತ ಅನುಮಾನದಿಂದ ಓದುತ್ತದೆ. “ನಾಳೆ ಇನ್ನೊಬ್ಬರು ಬರುತ್ತಾರೆ, ಇಂದೇ ಕೊಡಿ” ಎಂದು ಅವಸರಪಡಿಸಿದರೆ ಆ ಇನ್ನೊಬ್ಬರಿಗೇ ಬಿಟ್ಟುಬಿಡುವುದು ಲೇಸು.

5. ಬೆಲೆ ಏರುತ್ತದೆಂಬ ಮಾತನ್ನು ಎಷ್ಟು ನಂಬಬೇಕು?

ನಿವೇಶನದ ಬೆಲೆ ಇಳಿಯುವುದೇ ಇಲ್ಲವೆಂಬುದು ಸಾಮಾನ್ಯ ನಂಬಿಕೆ. ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಪರೀಕ್ಷಿಸೋಣ. ಚದರಡಿಗೆ 1,000 ರೂಪಾಯಿಯಂತೆ 1,200 ಚದರಡಿಗೆ 12 ಲಕ್ಷ. ಮುದ್ರಾಂಕ ಶುಲ್ಕ ಶೇಕಡಾ 5 ಮತ್ತು ಅದರ ಮೇಲಿನ ಉಪಕರಗಳು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2. ಇವೆಲ್ಲ ಸೇರಿ ಸುಮಾರು 91,000. ವಕೀಲರ ಶುಲ್ಕ, ಅಳತೆ, ಬೇಲಿ ಇತ್ಯಾದಿಗೆ 29,000 ಹಿಡಿದರೆ ಒಟ್ಟು 13 ಲಕ್ಷ 20 ಸಾವಿರ. ಇದೇ ಹಣವನ್ನು ಶೇಕಡಾ 7ರ ಚಕ್ರಬಡ್ಡಿಯಲ್ಲಿ ಐದು ವರ್ಷ ಇಟ್ಟಿದ್ದರೆ ಸುಮಾರು 18 ಲಕ್ಷ 51 ಸಾವಿರವಾಗುತ್ತಿತ್ತು. ಅಂದರೆ ಐದು ವರ್ಷದ ಮೇಲೆ ಚದರಡಿಗೆ 1,540ಕ್ಕೆ ಮಾರಿದರೂ ನಮಗೆ ಲಾಭವೇನೂ ಇಲ್ಲ; ದಲ್ಲಾಳಿಯ ಕಮಿಷನ್ ಮತ್ತು ತೆರಿಗೆ ಕಳೆದರೆ ನಷ್ಟವೇ. ಖಾಲಿ ನಿವೇಶನ ಬಾಡಿಗೆ ತರುವುದಿಲ್ಲ, ಬೆಳೆ ಕೊಡುವುದಿಲ್ಲ. ಮುಳ್ಳುಗಿಡವನ್ನು ಮಾತ್ರ ಪುಕ್ಕಟೆಯಾಗಿ ಬೆಳೆಸುತ್ತದೆ. ಸಾಲ ಮಾಡಿ ಕೊಂಡವನ ಪಾಡು ಇನ್ನೂ ಕಷ್ಟ. ತುರ್ತಿಗೆ ಹಣ ಬೇಕಾದಾಗ ಚಿನ್ನವನ್ನು ಮಧ್ಯಾಹ್ನದೊಳಗೆ ಅಡವಿಡಬಹುದು. ನಿವೇಶನಕ್ಕೆ ಗಿರಾಕಿ ಸಿಕ್ಕಲು ವರ್ಷವೂ ಹಿಡಿಯಬಹುದು.

ಹೆದ್ದಾರಿಯ ಸುದ್ದಿಯನ್ನೂ ಹೀಗೆಯೇ ಪರೀಕ್ಷಿಸಬೇಕು. ಹೊಸಕೋಟೆಯಿಂದ ಶ್ರೀಪೆರಂಬುದೂರಿನವರೆಗಿನ ಸುಮಾರು 260 ಕಿಲೋಮೀಟರಿನ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಮಾಲೂರು, ಬಂಗಾರಪೇಟೆ, ಬೇತಮಂಗಲಗಳ ಬಳಿ ಹಾದುಹೋಗುತ್ತದೆ. “ಹೆದ್ದಾರಿಗೆ ಅರ್ಧ ಮೈಲಿ” ಎಂದು ಪ್ರತಿ ಬಡಾವಣೆಯ ಹಲಗೆಯಲ್ಲಿಯೂ ಬರೆದಿದೆ. ಆದರೆ ಈ ಹೆದ್ದಾರಿಗೆ ಎಲ್ಲೆಂದರಲ್ಲಿ ಹತ್ತುವಂತಿಲ್ಲ; ಗೊತ್ತುಮಾಡಿದ ಕಡೆ ಮಾತ್ರ ಪ್ರವೇಶ. ಹತ್ತುವ ದಾರಿ ಎಂಟು ಮೈಲಿ ದೂರವಿದ್ದರೆ ಅರ್ಧ ಮೈಲಿಯ ಹೆದ್ದಾರಿಯಿಂದ ನಮಗೆ ದೊರೆಯುವುದು ಸದ್ದು ಮಾತ್ರ. ನಮ್ಮ ಅಪ್ಪನಂತೆ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಸಾವಿರಾರು ಜನಕ್ಕೆ ಹೆದ್ದಾರಿಗಿಂತ ರೈಲು ನಿಲ್ದಾಣವೇ ಹತ್ತಿರವಿರಬೇಕು.

ನಮ್ಮ ಊರಿನ ಇತಿಹಾಸವೂ ಇದನ್ನೇ ಕಲಿಸುತ್ತದೆ. 1880ರ ಸುಮಾರಿನಲ್ಲಿ ಚಿನ್ನದ ಸುದ್ದಿ ಕೇಳಿ ಲಂಡನ್ನಿನಲ್ಲಿ ಕಂಪನಿಗಳ ಮೇಲೆ ಕಂಪನಿಗಳು ಹುಟ್ಟಿ ಅನೇಕವು ಹಣ ಕಳೆದುಕೊಂಡು ಮುಚ್ಚಿದವು. ಮೈಸೂರು ಕಂಪನಿಯ ಬಂಡವಾಳವೂ ಬಹುಮಟ್ಟಿಗೆ ಕರಗಿದ್ದಾಗ ಪ್ಲಮರ್ ಎಂಬ ಗಣಿ ತಜ್ಞನು ಹಳಬರು ಅಗೆದಿದ್ದ ಗುಂಡಿಗಳ ಕೆಳಗೆ ಚಾಂಪಿಯನ್ ಪದರವನ್ನು ಕಂಡುಹಿಡಿದನು. ಗೆದ್ದ ಕಂಪನಿಯ ಕಥೆ ಎಲ್ಲರ ಬಾಯಲ್ಲಿದೆ. ಮುಚ್ಚಿದವುಗಳ ಹೆಸರು ಯಾರಿಗೂ ನೆನಪಿಲ್ಲ. ಸೈಟು ಕೊಂಡು ಹತ್ತರಷ್ಟು ಮಾಡಿಕೊಂಡವನ ಕಥೆಯೂ ಹಾಗೆಯೇ ನಮ್ಮ ಕಿವಿಗೆ ಬೀಳುತ್ತದೆ. ಕಳೆದುಕೊಂಡವನು ನಮ್ಮ ಅಪ್ಪನಂತೆ ಸುಮ್ಮನಿರುತ್ತಾನೆ. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಪಡೆದ ಈ ಊರು 2001ರಲ್ಲಿ ಕೆಲಸವಿಲ್ಲದೆ ನಿಂತದ್ದನ್ನು ಕಂಡವರು, ಒಂದು ಸ್ಥಳದ ಏಳಿಗೆ ಶಾಶ್ವತವೆಂದು ಹೇಗೆ ನಂಬಿಯಾರು?

6. ನೀರಿದೆಯೆ?

ಕಾಗದವೆಲ್ಲ ಸರಿಯಾಗಿದ್ದರೂ ಕೋಲಾರ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಬಿಡುವಂತಿಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಕೊಳವೆ ಬಾವಿಗಳು ಸಾವಿರ ಅಡಿ ದಾಟಿವೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೆರೆಗಳಿಗೆ ಬರುತ್ತಿದೆ. 2023ರಲ್ಲಿ ಯರಗೋಳ್ ಜಲಾಶಯ ಉದ್ಘಾಟನೆಯಾಯಿತು. ಆದರೆ ಜಲಾಶಯದಿಂದ ನಮ್ಮ ನಿವೇಶನಕ್ಕೆ ಕೊಳಾಯಿ ಬಂದಿದೆಯೆ ಎಂದು ಪಕ್ಕದ ಮನೆಯ ತಾಯಂದಿರನ್ನೇ ಕೇಳಬೇಕು, ದಲ್ಲಾಳಿಯನ್ನಲ್ಲ. ಬೇಸಿಗೆಯಲ್ಲಿ ಒಮ್ಮೆ, ದೊಡ್ಡ ಮಳೆಯ ಮರುದಿನ ಒಮ್ಮೆ ಸ್ಥಳವನ್ನು ನೋಡಬೇಕು. ಮೊದಲನೆಯ ಭೇಟಿ ನೀರಿಲ್ಲದ್ದನ್ನು ತೋರಿಸುತ್ತದೆ, ಎರಡನೆಯದು ನೀರು ನಿಲ್ಲುವುದನ್ನು. ಕೆ.ಜಿ.ಎಫ್.ನಲ್ಲಾದರೆ ಸಯನೈಡ್ ದಿಬ್ಬಗಳ ಧೂಳು ಯಾವ ಕಡೆಗೆ ಬೀಸುತ್ತದೆಂಬುದನ್ನು ಗಾಳಿಯ ದಿನ ನಿಂತು ನೋಡಿಕೊಳ್ಳುವುದೂ ಅಗತ್ಯ.

ಕೊನೆಯ ಮಾತು

ಹೀಗೆಲ್ಲ ಬರೆದ ಮೇಲೆ, ಹಾಗಾದರೆ ಕೊಳ್ಳುವುದೇ ಬೇಡವೆ ಎಂದು ಕೇಳಬಹುದು. ಬೇಡವೆನ್ನುವವನು ನಾನಲ್ಲ. ಬಾಡಿಗೆ ಮನೆಯಲ್ಲಿ ಬೆಳೆದವನಿಗೆ ಸ್ವಂತ ಗೋಡೆಗೆ ಮೊಳೆ ಹೊಡೆಯುವ ಸುಖ ಏನೆಂದು ಗೊತ್ತು. ಲಾಭಕ್ಕಾಗಿ ಕೊಳ್ಳುವವನು ಲೆಕ್ಕ ಮಾಡಿ ಕೊಳ್ಳಲಿ, ವಾಸಕ್ಕಾಗಿ ಕೊಳ್ಳುವವನು ನೀರನ್ನೂ ನಿಲ್ದಾಣವನ್ನೂ ನೋಡಿ ಕೊಳ್ಳಲಿ. ಇಬ್ಬರೂ ಕಾಗದ ಓದಿ ಕೊಳ್ಳಲಿ ಎಂಬುದಷ್ಟೇ ನನ್ನ ಕೋರಿಕೆ.

ಈ ವರ್ಷ ಬಂಗಾರಪೇಟೆಯ ನಿಲ್ದಾಣಕ್ಕೆ ನಡೆದು ಹೋಗಬಹುದಾದ ದೂರದಲ್ಲಿ ಒಂದು ನಿವೇಶನ ಮಾರಾಟಕ್ಕೆ ಬಂದಿದೆ. ಅಪ್ಪ ಕಾಗದಗಳನ್ನು ತಂದು ಮಾತಿಲ್ಲದೆ ನನ್ನ ಮುಂದಿಟ್ಟರು. ಪರಿವರ್ತನೆಯಾಗಿದೆ, ನಕ್ಷೆ ಸರಿಯಾಗಿದೆ, ಇ-ಖಾತೆಯಿದೆ, ಇ.ಸಿ.ಯಲ್ಲಿ ಏನೂ ಇಲ್ಲ. ವಂಶವೃಕ್ಷ ನೋಡಿದಾಗ ಮಾರುವವರಿಗೆ ಒಬ್ಬ ತಂಗಿ ಇರುವುದು ಕಂಡಿತು. ಆಸ್ತಿ ಪಿತ್ರಾರ್ಜಿತ, ಪತ್ರದಲ್ಲಿ ಅವರ ಹೆಸರಿಲ್ಲ. “ಅವಳದೇನೂ ತಕರಾರಿಲ್ಲ” ಎಂದು ಮಾರುವವರು ಹೇಳಿದರಂತೆ. ಅಪ್ಪ ಈ ಬಾರಿ, “ತಕರಾರಿಲ್ಲದಿದ್ದರೆ ಸಹಿ ಹಾಕಲಿ, ಅಲ್ಲಿಯವರೆಗೆ ಕಾಯುತ್ತೇವೆ” ಎಂದು ಹೇಳಿ ಬಂದಿದ್ದಾರೆ. ಬಿ.ಎಡ್. ಮುಗಿಸಿ ಈಗ ಶಾಲೆಯಲ್ಲಿ ಕಲಿಸುತ್ತಿರುವ ಅಕ್ಕ ಇದನ್ನು ಕೇಳಿ, “ಅಪ್ಪ, ಕೊಂಡ ಮೇಲೆ ನಮ್ಮ ವಂಶವೃಕ್ಷದಲ್ಲಿ ನನ್ನ ಹೆಸರು ಮರೆಯಬೇಡಿ” ಎಂದಳು. ಎಲ್ಲರೂ ನಕ್ಕೆವು, ಅಪ್ಪ ಮಾತ್ರ ನಗದೆ, “ಮರೆಯೋದು ಹೇಗಮ್ಮ, ನಿನ್ನ ಎರಡು ವರ್ಷ ಅದರಲ್ಲಿ ಸೇರಿದೆಯಲ್ಲ” ಎಂದರು.

ಸಹಿ ಇನ್ನೂ ಬಂದಿಲ್ಲ. ಮುಂಗಡವನ್ನೂ ಕೊಟ್ಟಿಲ್ಲ.